ಎಣ್ಣೆ ಕಲೆಗೆ ಮೊದಲು ನೀರು ಹಾಕಬೇಡಿ

ಊಟದ ಪಂಕ್ತಿಯಲ್ಲಿ ಸಾಂಬಾರಿನ ಒಂದು ಹನಿ ಬಿಳಿ ಪಂಚೆಯ ಮೇಲೆ ಬಿದ್ದರೆ ಎಲ್ಲರೂ ನೀರಿನ ಲೋಟಕ್ಕೇ ಕೈ ಹಾಕುತ್ತೇವೆ. ಒದ್ದೆ ಮಾಡಿ ತಿಕ್ಕುತ್ತೇವೆ, ಕಾಸಿನಷ್ಟಿದ್ದ ಕಲೆ ಅಂಗೈಯಗಲ ಆಗುತ್ತದೆ.

ಎಣ್ಣೆ ಬಿದ್ದ ಜಾಗ ಮಬ್ಬಾಗುವುದು ಎಣ್ಣೆಯ ಬಣ್ಣದಿಂದಲ್ಲ. ಹತ್ತಿ ಬಟ್ಟೆ ಬೆಳ್ಳಗೆ ಕಾಣುವುದಕ್ಕೆ ಎಳೆಗಳ ನಡುವಿನ ಗಾಳಿಯೂ ಕಾರಣ. ಎಳೆಯಿಂದ ಗಾಳಿಗೆ, ಗಾಳಿಯಿಂದ ಎಳೆಗೆ ದಾಟುವಾಗಲೆಲ್ಲ ಬೆಳಕು ಚದುರಿ ಕಣ್ಣಿಗೆ ಮರಳುತ್ತದೆ. ಎಣ್ಣೆ ಆ ಸಂದುಗಳಿಗೆ ಇಳಿದು ಗಾಳಿಯನ್ನು ಹೊರದೂಡುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) 1, ಅಡುಗೆ ಎಣ್ಣೆಯದು ಸುಮಾರು 1.47, ಹತ್ತಿಯದು 1.5ಕ್ಕಿಂತ ತುಸು ಹೆಚ್ಚು. ಎಣ್ಣೆಗೂ ಎಳೆಗೂ ಹೆಚ್ಚು ಅಂತರವಿಲ್ಲದ ಕಾರಣ ಬೆಳಕು ಚದುರದೆ ಒಳಗೆ ಹೋಗಿಬಿಡುತ್ತದೆ. ಅಂದರೆ ಕಲೆ ಬಟ್ಟೆಯ ಮೇಲೆ ಕೂತಿಲ್ಲ, ಎಳೆಗಳ ಸಂದಿಯಲ್ಲಿ ತುಂಬಿಕೊಂಡಿದೆ.

ಆದ್ದರಿಂದ ಮೊದಲ ಕೆಲಸ ಅದನ್ನು ಹೀರಿ ತೆಗೆಯುವುದು. ಹಳೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ತಿಕ್ಕಬೇಡಿ. ಮೇಲೆ ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ದಪ್ಪಗೆ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಪುಡಿಯ ಕಣಗಳ ನಡುವಿನ ಸಂದು ಬಟ್ಟೆಯ ಸಂದಿಗಿಂತ ಕಿರಿದು, ಎಣ್ಣೆ ಅತ್ತ ಏರುತ್ತದೆ. ಪುಡಿ ಜಿಡ್ಡಾದರೆ ಕೊಡವಿ ಮತ್ತೊಮ್ಮೆ ಹಾಕಬಹುದು. ರೇಷ್ಮೆ ಸೀರೆಯಾದರೆ ಮನೆಯ ಪ್ರಯೋಗ ಇಲ್ಲಿಗೇ ನಿಲ್ಲಲಿ, ಮುಂದಿನದು ಡ್ರೈಕ್ಲೀನಿಂಗ್‌ನವರ ಕೆಲಸ. ರೇಷ್ಮೆ ಒಂದು ಪ್ರೋಟೀನು. ಅನೇಕ ಬಟ್ಟೆ ಪುಡಿಗಳಲ್ಲಿ ಪ್ರೋಟೀನನ್ನೇ ಕತ್ತರಿಸುವ ಕಿಣ್ವ ಇರುತ್ತದೆ.

ಹತ್ತಿ ಬಟ್ಟೆಗೆ ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಬೆರೆಸದೆ ಹಚ್ಚಬೇಕು. ಅದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಉದ್ದನೆಯ ಬಾಲ ಎಣ್ಣೆಯೊಳಗೆ ನಾಟಿಕೊಳ್ಳುತ್ತದೆ. ಹೀಗೆ ಸುತ್ತುವರಿದ ಅಣುಗಳ ನಡುವೆ ಎಣ್ಣೆ ಗುಂಡಗಿನ ಹನಿಯಾಗಿ ಎಳೆಯಿಂದ ಬಿಡಿಸಿಕೊಂಡು ನೀರಿನೊಡನೆ ಹೊರಡುತ್ತದೆ. ಅಂಟುವಾಳ, ಸೀಗೆಕಾಯಿಗಳಲ್ಲಿರುವ ಸಪೋನಿನ್ ಮಾಡುವುದೂ ಇದನ್ನೇ. ಹಳೆಯ ಬಾರ್ ಸೋಪು ಮಾತ್ರ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಲುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ, ನೊರೆ ಬರುವುದಿಲ್ಲ. ಪಾಲಿಯೆಸ್ಟರ್ ಅಂಗಿಯ ಕಲೆ ಇನ್ನೂ ಹಟಮಾರಿ. ಹತ್ತಿಗೆ ನೀರಿನ ಮೇಲೆ ಒಲವು, ಪಾಲಿಯೆಸ್ಟರ್‌ಗೆ ಎಣ್ಣೆಯ ಮೇಲೆ.

ಸಾಂಬಾರಿನ ಕಲೆ ಬಟ್ಟೆ ಸೋಪು ಸೋಕಿದೊಡನೆ ಕೆಂಪಾಗುವುದನ್ನು ಕಂಡು ಗಾಬರಿ ಬೇಡ. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ, ಚೆನ್ನಾಗಿ ಜಾಲಿಸಿದರೆ ಹಳದಿಗೆ ಮರಳುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯ ಬೆನ್ನೇರಿ ಬಟ್ಟೆಗೆ ಇಳಿದಿರುತ್ತದೆ. ಎಣ್ಣೆ ಹೋದ ಮೇಲೂ ಉಳಿದ ಹಳದಿಗೆ ಬಿಸಿಲೇ ಮದ್ದು. ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ.

ಸೈಕಲ್ ಚೈನಿನ ಗ್ರೀಸು ಬೇರೆ ಜಾತಿ. ಅಡುಗೆ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಬಟ್ಟೆ ಪುಡಿಗಳಿಗೆ 1988ರಿಂದ ಬಂದಿದೆ, ಆದರೆ ಗ್ರೀಸಿನಲ್ಲಿರುವುದು ಹೆಚ್ಚಾಗಿ ಖನಿಜ ತೈಲ, ಅದರಲ್ಲಿ ಲೈಪೇಸ್ ಕತ್ತರಿಸಬಲ್ಲ ಬಂಧವೇ ಇಲ್ಲ. ಕೊಬ್ಬರಿ ಎಣ್ಣೆ ಸವರಿ ಗ್ರೀಸನ್ನು ಸಡಿಲ ಮಾಡಿ, ಒರೆಸಿ, ಆಮೇಲೆ ಲಿಕ್ವಿಡ್ ಹಚ್ಚುವುದು ಸರಿಯಾದ ದಾರಿ. ಗ್ರೀಸಿನ ಕಪ್ಪು ಬಣ್ಣ ಲೋಹದ ಪುಡಿಯದ್ದೂ ಧೂಳಿನದ್ದೂ ಆದ್ದರಿಂದ ಒಂದೇ ಸಲಕ್ಕೆ ಹೋಗದು. ಗ್ರೀಸು ತೆಗೆಯಲೆಂದು ಪೆಟ್ರೋಲು ಹಚ್ಚಿದ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಎಂದೂ ಹಾಕಬಾರದು, ಆವಿಗೆ ಒಂದು ಕಿಡಿ ಸಾಕು.

ಕೊನೆಗೆ ಇಸ್ತ್ರಿಯ ವಿಷಯ. ಕಲೆ ಪೂರ್ತಿ ಹೋಗುವ ಮುನ್ನ ಅದರ ಬಿಸಿ ತಾಗಿಸಬೇಡಿ. ಸೂರ್ಯಕಾಂತಿಯಂಥ ಎಣ್ಣೆ ಕಾದರೆ ಆಮ್ಲಜನಕ ಹೀರಿ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಾಣಲೆಯ ಅಂಚಿನ ಕಂದು ಅಂಟು ಹುಟ್ಟುವುದು ಹೀಗೆಯೇ, ಅದನ್ನು ಯಾವ ಸೋಪೂ ಸುಲಭವಾಗಿ ಬಿಡಿಸದು. ಬಟ್ಟೆ ಒದ್ದೆಯಿದ್ದಾಗ ಕಲೆ ಹೋದಂತೆ ಕಾಣುತ್ತದೆ, ಏಕೆಂದರೆ ಆಗ ಸಂದುಗಳಲ್ಲೆಲ್ಲ ನೀರು ತುಂಬಿ ಇಡೀ ಬಟ್ಟೆಯೇ ಮಬ್ಬಾಗಿರುತ್ತದೆ. ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಅಂಚು ಕಂಡರೆ ಇಸ್ತ್ರಿ ಬದಿಗಿಟ್ಟು ಒಣ ಬಟ್ಟೆಗೇ ಇನ್ನೊಮ್ಮೆ ಲಿಕ್ವಿಡ್ ಹಚ್ಚಿ.