ಪಿಕಪ್ಪಿನ ಬೆಲ್ಟ್ ಯಾಕೆ ಒದರುತ್ತದೆ?

ದ್ರಾಕ್ಷಿ ಹಂಗಾಮು ಬಂತೆಂದರೆ ವಿಜಯಪುರ ಪಕ್ಕದ ಭೂತನಾಳದ ಸುತ್ತಲಿನ ರಸ್ತೆಗಳಲ್ಲಿ ಪಿಕಪ್ ಗಾಡಿಗಳಿಗೆ ಬಿಡುವಿಲ್ಲ. ತಿಕೋಟಾ, ಬಬಲೇಶ್ವರ ಭಾಗದ ತೋಟಗಳಿಂದ ಹಣ್ಣಿನ ಕ್ರೇಟುಗಳು ಬರಬೇಕು, ಒಣದ್ರಾಕ್ಷಿ ತಾಸಗಾಂವ, ಸಾಂಗ್ಲಿ ಪೇಟೆ ಮುಟ್ಟಬೇಕು. ಇಂಥ ದಿನಗಳಲ್ಲೇ ನಸುಕಿನಲ್ಲಿ ಕೀಲಿ ತಿರುವಿದರೆ ಬಾನೆಟ್ಟಿನೊಳಗಿಂದ ‘ಕೀಂಯ್’ ಎಂಬ ಕೂಗು ಏಳುತ್ತದೆ. ‘ಬೆಲ್ಟ್ ಒದರಾಕತ್ತೈತ್ರಿ, ಹೊಸಾದು ಹಾಕ್ರಿ’ ಎಂದು ಮಾಲೀಕರು ಗ್ಯಾರೇಜಿಗೆ ಬರುತ್ತಾರೆ. ಹೊಸ ಬೆಲ್ಟ್ ಬೀಳುತ್ತದೆ. ಎಷ್ಟೋ ಸಲ ಕೆಲವೇ ದಿನಗಳಲ್ಲಿ ಅದೇ ಕೂಗು ಮರಳುತ್ತದೆ. ಸದ್ದು ಬರುವುದು ಬೆಲ್ಟಿನಿಂದಲೇ ಆದರೂ ದೋಷ ಪುಲ್ಲಿಯಲ್ಲಿರಬಹುದು.

ಎಂಜಿನ್ನಿನ ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ಸುತ್ತನ್ನು ಈ ಬೆಲ್ಟ್ ವಾಟರ್ ಪಂಪಿಗೂ, ಮೆಕ್ಯಾನಿಕರು ಡೈನಮೋ ಎನ್ನುವ ಆಲ್ಟರ್ನೇಟರಿಗೂ, ಕೆಲವು ಗಾಡಿಗಳಲ್ಲಿ ಫ್ಯಾನು ಮತ್ತು ಪವರ್ ಸ್ಟೀರಿಂಗಿಗೂ ಮುಟ್ಟಿಸುತ್ತದೆ. ನಡುವೆ ಹಲ್ಲುಗಳಿಲ್ಲ, ಚೈನಿಲ್ಲ. ರಬ್ಬರಿಗೂ ಲೋಹಕ್ಕೂ ಇರುವ ಘರ್ಷಣೆಯೇ ಎಲ್ಲ ಭಾರವನ್ನೂ ಎಳೆಯಬೇಕು. 14 ವೋಲ್ಟಿನಲ್ಲಿ 60 ಆಂಪಿಯರ್ ಕೊಡುವ ಆಲ್ಟರ್ನೇಟರ್ ಎಂದರೆ 840 ವ್ಯಾಟ್. ಅದರೊಳಗೇ ಸೋರಿಹೋಗುವ ಶಕ್ತಿಯನ್ನೂ ಸೇರಿಸಿದರೆ ಬೆಲ್ಟ್ ಹೊರಬೇಕಾದದ್ದು ಸುಮಾರು ಎರಡು ಅಶ್ವಶಕ್ತಿ.

ಇಷ್ಟು ಭಾರಕ್ಕೆ ಬೆಲ್ಟ್ ಜಾರದಿರುವುದು ಹೇಗೆ? 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ದುಂಡನೆಯ ಕಂಬಕ್ಕೆ ಸುತ್ತಿದ ಹಗ್ಗದ ಹಿಡಿತವನ್ನು ಲೆಕ್ಕ ಹಾಕಿದ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಪುಲ್ಲಿಯ ಅರ್ಧ ಸುತ್ತನ್ನು ಅಪ್ಪಿದ ಚಪ್ಪಟೆ ಬೆಲ್ಟಿಗೆ ಘರ್ಷಣಾಂಕ 0.3 ಎಂದುಕೊಳ್ಳೋಣ. ಬಿಗಿ ಬದಿಯ ಎಳೆತ ಸಡಿಲ ಬದಿಗಿಂತ ಸುಮಾರು ಎರಡೂವರೆ ಪಟ್ಟು ಆಗುವವರೆಗೆ ಅದು ಜಾರುವುದಿಲ್ಲ. ಅದೇ ಬೆಲ್ಟಿಗೆ ‘ವಿ’ ಆಕಾರ ಕೊಟ್ಟು ಪುಲ್ಲಿಯ 38 ಡಿಗ್ರಿಯ ತೋಡಿನಲ್ಲಿ ಕೂರಿಸಿದರೆ ಲೆಕ್ಕ 18 ಪಟ್ಟಿಗೆ ಏರುತ್ತದೆ. ಬೆಲ್ಟ್ ಎರಡೂ ಪಕ್ಕದ ಗೋಡೆಗಳ ನಡುವೆ ಸಿಕ್ಕಿಕೊಂಡು ಒತ್ತುವುದೇ ಇದಕ್ಕೆ ಕಾರಣ. ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ 1917ರಲ್ಲಿ ರೂಪಿಸಿದ ರಬ್ಬರಿನ ವಿ-ಬೆಲ್ಟ್ ವಾಹನಗಳಲ್ಲಿ ನೆಲೆಯೂರಿದ್ದು ಈ ಬಲದಿಂದ.

ಭಾರ ಆ ಮಿತಿಯನ್ನು ದಾಟಿದಾಗ ಬೆಲ್ಟ್ ಒಂದೇ ಸಮನೆ ಜಾರುವುದಿಲ್ಲ. ಹಿಡಿಯುತ್ತದೆ, ಹಿಗ್ಗುತ್ತದೆ, ಥಟ್ಟನೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿತ-ಜಾರಿಕೆಯೇ ಕಿವಿಗೆ ಬೀಳುವ ಕೂಗು. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ತತ್ವದಿಂದ.

ಕೂಗಿನಲ್ಲಿ ಎರಡು ಬಗೆ. ಉದ್ದಕ್ಕೆ ಎಳೆಯುವ ‘ಕೀಂಯ್’ ಸಾಮಾನ್ಯವಾಗಿ ಬಿಗಿ ಸಾಲದ ಬೆಲ್ಟಿನದು. ಹೆಡ್‌ಲೈಟ್ ಹಾಕಿದಾಗ, ಎಕ್ಸಲರೇಟರ್ ಒತ್ತಿದಾಗ ಅದು ಜೋರಾಗುತ್ತದೆ. ನಸುಕಿನಲ್ಲಿ ಕೂಗಿ ಆಮೇಲೆ ತಣ್ಣಗಾಗುವ ಗುಟ್ಟೂ ಇದರಲ್ಲೇ ಇದೆ. ಸ್ಟಾರ್ಟರಿಗೆ ಕರೆಂಟು ಕೊಟ್ಟು ಬಳಲಿದ ಬ್ಯಾಟರಿಯನ್ನು ತುಂಬಲು ಆಲ್ಟರ್ನೇಟರ್ ಮೊದಲ ಕೆಲವು ನಿಮಿಷ ಪೂರ್ತಿ ದುಡಿಯುತ್ತದೆ. ಬ್ಯಾಟರಿ ತುಂಬಿದಂತೆ ಬೆಲ್ಟಿನ ಭಾರ ಇಳಿಯುತ್ತದೆ. ಸದ್ದು ನಿಂತಿತೆಂದು ರೋಗ ವಾಸಿಯಾಯಿತು ಎನ್ನುವಂತಿಲ್ಲ.

ಇನ್ನೊಂದು, ‘ಚಿಂವ್ ಚಿಂವ್’ ಎಂದು ತುಂಡುತುಂಡಾಗಿ ಬರುವ ಸದ್ದು. ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಬೆಲ್ಟ್ ಓರೆಯಾಗಿ ತೋಡಿನೊಳಗೆ ಇಳಿಯುತ್ತಿದೆ ಎಂದು ಇದರರ್ಥ. ಬಾಗಿದ ಬ್ರ್ಯಾಕೆಟ್, ಸಡಿಲಾದ ಬೋಲ್ಟ್, ಸವೆದ ಬೇರಿಂಗ್ ಇದಕ್ಕೆ ಕಾರಣವಾಗಬಹುದು. ನೆಟ್ಟನೆಯ ಉಕ್ಕಿನ ಪಟ್ಟಿಯನ್ನು ಎರಡು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದರೆ ಓರೆ ಕಣ್ಣಿಗೇ ಕಾಣುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಸ್ಪ್ರೇ ಬಾಟಲಿ ನೀರು ಸಾಕು. ಎಂಜಿನ್ ಓಡುತ್ತಿರುವಾಗ ದೂರ ನಿಂತು ಬೆಲ್ಟಿನ ಒಳಮೈಗೆ ನೀರು ಸಿಂಪಡಿಸಿ. ಸದ್ದು ಅಡಗಿ ಸ್ವಲ್ಪ ಹೊತ್ತಿನಲ್ಲಿ ಮರಳಿದರೆ ಸಾಲು ತಪ್ಪಿದೆ. ನೀರು ಬಿದ್ದೊಡನೆ ಸದ್ದು ಇನ್ನೂ ಜೋರಾದರೆ ಬಿಗಿ ಸಾಲದು. ಉದ್ದುದ್ದ ಗೀರುಗಳಿರುವ ಅಗಲ ಬೆಲ್ಟಿನಲ್ಲಿ ಈ ಪರೀಕ್ಷೆ ಹೆಚ್ಚು ಸ್ಪಷ್ಟ. ಟವೆಲ್, ಸಡಿಲ ತೋಳು ಹತ್ತಿರ ಸುಳಿಯಬಾರದು. ಮುಟ್ಟಿ ನೋಡುವ ಉಳಿದ ಕೆಲಸವೆಲ್ಲ ಎಂಜಿನ್ ನಿಲ್ಲಿಸಿ ಕೀಲಿ ತೆಗೆದ ಮೇಲೆ.

ಎರಿಭೂಮಿಯ ಈ ಸೀಮೆಯಲ್ಲಿ ಮೂರನೆಯ ಕಾರಣವನ್ನೂ ನೋಡಲೇಬೇಕು. ತೋಟದ ದಾರಿಯ ನುಣ್ಣನೆಯ ಧೂಳು ಪುಲ್ಲಿಯ ತೋಡಿನಲ್ಲಿ ಕೂತು ಬೆಲ್ಟಿನ ಪಕ್ಕಗಳನ್ನೂ ಲೋಹವನ್ನೂ ಸವೆಸುತ್ತದೆ. ಪಕ್ಕ ಸವೆದಂತೆ ವಿ-ಬೆಲ್ಟ್ ಕೆಳಗಿಳಿದು ಕೊನೆಗೆ ತೋಡಿನ ತಳ ಮುಟ್ಟುತ್ತದೆ. ಅಲ್ಲಿಗೆ ಪಕ್ಕದ ಒತ್ತು ಮುಗಿಯಿತು. ಹದಿನೆಂಟು ಪಟ್ಟಿನ ಬೆಲ್ಟ್ ಎರಡೂವರೆ ಪಟ್ಟಿನ ಬೆಲ್ಟಿನ ಹಾಗಾಗುತ್ತದೆ. ಪುಲ್ಲಿಯ ಗೋಡೆಗಳೇ ತಗ್ಗುಬಿದ್ದಿದ್ದರೆ ಹೊಸ ಬೆಲ್ಟೂ ಬಲುಬೇಗ ಅದೇ ತಳಕ್ಕೆ ಇಳಿಯುತ್ತದೆ. ಇದರ ಗುರುತು ಸುಲಭ: ತೋಡಿನ ತಳ ಮಿರಮಿರ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿ ಉಜ್ಜುತ್ತಿದೆ. ಸರಿಯಾದ ಪುಲ್ಲಿಯಲ್ಲಿ ತಳ ಮಂಕಾಗಿಯೇ ಇರುತ್ತದೆ.

ಇಲ್ಲಿ ಬಹಳ ಮಂದಿ ಮಾಡುವುದು ಬೆಲ್ಟನ್ನು ಇನ್ನಷ್ಟು ಬಿಗಿಯುವ ಕೆಲಸ. ಸದ್ದು ತಾತ್ಕಾಲಿಕವಾಗಿ ನಿಲ್ಲುತ್ತದೆ, ಆದರೆ ಹೆಚ್ಚಿದ ಎಳೆತವೆಲ್ಲ ವಾಟರ್ ಪಂಪ್, ಆಲ್ಟರ್ನೇಟರುಗಳ ಬೇರಿಂಗಿನ ಮೇಲೆ ಬಿದ್ದು ಅವು ಬೇಗ ಹೋಗುತ್ತವೆ. ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಇರಲಿ. ಸೋಪು, ಮೇಣ, ಎಣ್ಣೆ ಹಚ್ಚುವುದೂ ಮದ್ದಲ್ಲ. ಎಣ್ಣೆ ಹಿಡಿತವನ್ನು ಕೆಡಿಸುತ್ತದೆ, ರಬ್ಬರನ್ನು ಉಬ್ಬಿಸುತ್ತದೆ. ಬೆಲ್ಟಿಗೆ ಎಣ್ಣೆ ತಾಗಿದ್ದರೆ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು. ಸದ್ದು ಗರಗರ ಎಂದಿದ್ದರೆ ಬೆಲ್ಟ್ ಬಿಚ್ಚಿ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಒರಟಾಗಿ ತಿರುಗುವ, ಅತ್ತಿತ್ತ ಅಲ್ಲಾಡುವ ಪುಲ್ಲಿಯ ಬೇರಿಂಗ್ ಹೋಗಿದೆ.

ಬೆಲ್ಟಿನ ವಯಸ್ಸು ತಿಳಿಯುವ ಹಳೆಯ ರೂಢಿಯೂ ಈಗ ಸಾಲದು. ನಿಯೊಪ್ರೀನ್ ಬೆಲ್ಟುಗಳು ಹಳತಾದಂತೆ ಬಿರುಕು ಬಿಡುತ್ತಿದ್ದವು. ಇಂದಿನ ಹೆಚ್ಚಿನ ಗೀರುಬೆಲ್ಟುಗಳು ಇಪಿಡಿಎಂ ಎಂಬ ರಬ್ಬರಿನವು. ಅವು ಬಿಸಿಲಿಗೆ, ಶಾಖಕ್ಕೆ ಜಗ್ಗುವುದಿಲ್ಲ, ಸುಲಭಕ್ಕೆ ಬಿರಿಯುವುದೂ ಇಲ್ಲ. ಟೈರಿನ ಹಾಗೆ ಸವೆಯುತ್ತವೆ. ಬಿರುಕಿಲ್ಲವೆಂದು ನಂಬದೆ ಗೀರುಗಳ ಆಳವನ್ನೇ ನೋಡಬೇಕು.

ಸದ್ದಿಗೆ ಒಗ್ಗಿಕೊಂಡು ಓಡಿಸುವುದು ಮಾತ್ರ ಅಪಾಯ. ಬೆಲ್ಟ್ ಹರಿದರೆ ಚಾರ್ಜಿಂಗ್ ನಿಲ್ಲುತ್ತದೆ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಬೇಸಿಗೆಯ 40 ಡಿಗ್ರಿಯಲ್ಲಿ ಎಂಜಿನ್ ಬೇಗನೆ ಕುದಿಯುತ್ತದೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟ್ ಹೋದಮೇಲೆ ಕೆಲವು ಸಲ ಒತ್ತುವುದರೊಳಗೆ ಬ್ರೇಕ್ ಪೆಡಲ್ ಗಟ್ಟಿಯಾಗಿಬಿಡುತ್ತದೆ. ಆದ್ದರಿಂದ ಪುಲ್ಲಿಯ ಸಾಲು, ತೋಡಿನ ತಳ, ಬೇರಿಂಗ್, ಈ ಮೂರನ್ನೂ ನೋಡಿಸಿದ ಮೇಲೆಯೇ ಹೊಸ ಬೆಲ್ಟ್ ಕೊಳ್ಳಿ. ಹಾಗೆ ಹಾಕಿದ ಬೆಲ್ಟ್ ಒಂದು ಹಂಗಾಮನ್ನಲ್ಲ, ಹಲವು ಹಂಗಾಮುಗಳನ್ನು ಕಾಣುತ್ತದೆ.