ಒಂದೇ ಪಡಸಾಲೆ, ಮೂರು ಚಿತ್ರ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದ ಈ ಸಹ್ಯಾದ್ರಿಯ ಹಳ್ಳಿಯಲ್ಲಿ ಮಳೆಗಾಲವೆಂದರೆ ಮೋಡವು ಮನೆಯ ಅಂಗಳಕ್ಕೇ ಇಳಿದುಬರುವ ಕಾಲ. ಮಾವುಲಿ ದೇವಿಯ ದರ್ಶನಕ್ಕೆ ಹೋಗುವವರು ಆ ಮೋಡವನ್ನು ಶಪಿಸಬಹುದು. ಕ್ಯಾಮೆರಾ ಹಿಡಿದವರು ಮಾತ್ರ ಹರಸಬೇಕು. ಬಿಸಿಲು ಕಣ್ಣ ಕೆಳಗೆ ಕರಿಯ ನೆರಳನ್ನು ಕೊರೆಯುತ್ತದೆ. ಮೋಡವಾದರೋ, ಆಕಾಶಕ್ಕೆಲ್ಲ ಬಿಳಿಯ ಧೋತರ ಕಟ್ಟಿದಂತೆ, ಬೆಳಕನ್ನು ಸೋಸಿ ಕಳುಹಿಸುತ್ತದೆ.

ಒಂದು ಶ್ರಾವಣದಲ್ಲಿ ನಾವು ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದೆವು. ಛಾಯಾಗ್ರಹಣದ ಹುಚ್ಚಿದ್ದ ಮಿತ್ರನೊಬ್ಬ ಜೊತೆಗಿದ್ದ. ಪರಿಚಿತರ ಪಡಸಾಲೆಯಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ಕುಳಿತಾಗ ಆತ ನಮ್ಮ ಅಜ್ಜಿಯದೊಂದು, ಅಕ್ಕನ ಮಗಳದೆರಡು ಚಿತ್ರ ತೆಗೆದ. ಕ್ಯಾಮೆರಾ ಒಂದೇ, ಚಿತ್ರಗಳು ಮಾತ್ರ ಮೂರು ಬೇರೆ ಬೇರೆ ಜಾತಿಯವು.

ಅಜ್ಜಿಯನ್ನು ಬಾಗಿಲ ಬದಿಗೆ ಕೂಡಿಸಿದ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ಅರೆನೆರಳು. ಕೂಡಲೆ ಗುಂಡಿ ಒತ್ತಲಿಲ್ಲ. ಹೊಲದ ಮಾತು, ಮಾರಿದ ಎಮ್ಮೆಯ ಮಾತು ತೆಗೆದು, ಅಜ್ಜಿ ಕ್ಯಾಮೆರಾವನ್ನು ಮರೆಯುವ ಗಳಿಗೆಗಾಗಿ ಕಾದ. ಇದು ವ್ಯಕ್ತಿಚಿತ್ರ. ಇಲ್ಲಿ ಬೇಕಾದದ್ದು ಚೆಲುವಲ್ಲ, ಆ ಮನುಷ್ಯ. 1941ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ಎಂಬ ಛಾಯಾಗ್ರಾಹಕನು ಚರ್ಚಿಲ್ಲರ ಬಾಯಿಂದ ಚುಟ್ಟವನ್ನು ಕಿತ್ತುಕೊಂಡು, ಅವರು ಸಿಡುಕಿದ ಕ್ಷಣದಲ್ಲೇ ಚಿತ್ರ ತೆಗೆದನಂತೆ! ಯುದ್ಧಕಾಲದ ಬ್ರಿಟನ್ನಿನ ಹಟವೆಲ್ಲ ಜಗತ್ತಿಗೆ ಕಂಡದ್ದು ಆ ಸಿಡುಕಿನಲ್ಲಿ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರಿಗೆ ಇಂಥ ತುಂಟತನ ಬೇಕಾಗಲಿಲ್ಲ; ಜನಸಾಮಾನ್ಯರ ದಿನನಿತ್ಯದ ಬದುಕೇ ಅವರ ಕ್ಯಾಮೆರಾಕ್ಕೆ ಸಾಕಾಗಿತ್ತು.

ಅಕ್ಕನ ಮಗಳು ಇಳಕಲ್ಲ ಸೀರೆ ಉಟ್ಟಿದ್ದಳು. ಮಿತ್ರನು ಅವಳನ್ನು ತುಸು ದೂರ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಒಂದೇ ಸಮನಾದ ಬೆಳಕು ಬೀಳುವಂತೆ ನೋಡಿಕೊಂಡ. ನಿರಿಗೆ ಎಣಿಸಲು ಬರಬೇಕು. ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವು ಕಾಣಬೇಕು. ಫ್ಯಾಷನ್ ಚಿತ್ರದ ನಾಯಕಿ ಸೀರೆಯೇ ಹೊರತು ಹುಡುಗಿಯಲ್ಲ. 1911ರಲ್ಲಿ ಎಡ್ವರ್ಡ್ ಸ್ಟೈಕನ್ನನು ಪ್ಯಾರಿಸ್ಸಿನ ಪಾಲ್ ಪಾರೆಯ ಉಡುಪುಗಳನ್ನು ಚಿತ್ರಿಸಿದಂದಿನಿಂದ ಈ ಕಲೆಗೊಂದು ಘನತೆ ಬಂದಿತೆನ್ನುತ್ತಾರೆ. ಹುಡುಗಿಗೆ ಇದನ್ನು ಹೇಳಿದಾಗ ಮುಖ ಊದಿಸಿಕೊಂಡಳು.

ಅವಳನ್ನು ಸಮಾಧಾನಪಡಿಸಲೆಂದೇ ಮೂರನೆಯ ಚಿತ್ರ: ಮೋಹಕ ಚಿತ್ರ, ಅಥವಾ ಎಲ್ಲರೂ ಬಲ್ಲ ಮಾತಿನಲ್ಲಿ ‘ಗ್ಲಾಮರ್’. ಮುಖದ ಮುಂದೆ, ತುಸು ಮೇಲಿನಿಂದ ಬೆಳಕು. ಮಡಿಲಲ್ಲಿ ಬಿಳಿಯ ಪಂಚೆ ಹಾಸಿದ್ದರಿಂದ ಗದ್ದದ ಕೆಳಗಿನ ನೆರಳೂ ಕರಗಿತು. ಮೂಗಿನಡಿಯಲ್ಲಿ ಚಿಟ್ಟೆಯಂಥ ಸಣ್ಣ ನೆರಳೊಂದು ಉಳಿಯಿತು, ಅಷ್ಟೆ. ಹಾಲಿವುಡ್ಡಿನ ಸ್ಟುಡಿಯೋಗಳು 1930ರ ದಶಕದಲ್ಲಿ ತಾರೆಯರನ್ನು ಬೆಳಗಿಸಿದ್ದು ಇಂಥ ಬೆಳಕಿನಿಂದ. ಉಳಿದ ಸುಕ್ಕನ್ನು ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ತೀಡಿ ಅಳಿಸುತ್ತಿದ್ದರು. ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಮಿಂಚಿದರು. ಆ ಜಾಹೀರಾತಿಗೆ ಬಂದ ಮೊದಲ ಭಾರತೀಯ ತಾರೆ ಅವರೇ. ಹತ್ತೇ ವರ್ಷದ ಮೇಲೆ, 1951ರ ‘ಆವಾರಾ’ದಲ್ಲಿ, ಅವರು ರಾಜ್ ಕಪೂರರ ನೊಂದ ತಾಯಿ! ಮುಖ ಅದೇ, ಅದರಿಂದ ಕೇಳಿದ್ದು ಬೇರೆ.

ಈ ಜಾತಿಗಳನ್ನು ಬೆರಸಿದರೆ ಆಗುವ ಅನಾಹುತವನ್ನು ನಾವು ಮನೆಯಲ್ಲೇ ಕಂಡೆವು. ಅಜ್ಜಿಗೆ ಎಂಬತ್ತು ತುಂಬಿದಾಗ ಮಕ್ಕಳೆಲ್ಲ ಸೇರಿ ಪೇಟೆಯ ಸ್ಟುಡಿಯೋವೊಂದರಲ್ಲಿ ದೊಡ್ಡ ಚಿತ್ರ ತೆಗೆಯಿಸಿದರು. ಕಟ್ಟು ಹಾಕಿಸಿ ತಂದ ಚಿತ್ರದಲ್ಲಿ ಒಂದು ಸುಕ್ಕೂ ಇರಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ತವರಿನಲ್ಲಿ ಹಾಕಿಸಿಕೊಂಡ ಹಣೆಯ ಹಚ್ಚೆಯನ್ನೂ ಕಲೆಯೆಂದು ತಿಳಿದು ಅಳಿಸಿಬಿಟ್ಟಿದ್ದರು. ಇಂದು ಕೈಯಲ್ಲಿರುವ ಮೊಬೈಲು ಹೇಳದೆಯೇ ಇಂಥ ಉಪಕಾರ ಮಾಡುತ್ತದೆ. ಅಂದು ಅದಕ್ಕೆ ಹಣವನ್ನೂ ಕೊಟ್ಟಿದ್ದೆವು.

ಅಜ್ಜಿ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಚಂದ ಅದಾಳ. ಯಾರ ಈಕಿ?” ಎಂದಳು.

ನಾವು ನಕ್ಕೆವು. ಅವ್ವ ಮಾತ್ರ ನಗಲಿಲ್ಲ. ಮರುವರ್ಷ ಅಜ್ಜಿ ತೀರಿಕೊಂಡಾಗ, ಹಾರ ಹಾಕಲು ಯಾವ ಚಿತ್ರವೆಂದು ಯಾರೂ ಅವ್ವನನ್ನು ಕೇಳಬೇಕಾಗಲಿಲ್ಲ. ಕಣಕುಂಬಿಯದನ್ನು ಅವಳೇ ಗೋಡೆಗೆ ತೂಗುಹಾಕಿದಳು. ಅದರಲ್ಲಿ ಅಜ್ಜಿಯ ಒಂದು ಕೆನ್ನೆ ನೆರಳಲ್ಲಿದೆ, ಬಾಯಿ ಅರ್ಧ ತೆರೆದಿದೆ. ಎಮ್ಮೆಗೆ ಬಂದ ಬೆಲೆಯನ್ನು ಹೇಳುತ್ತಿದ್ದಾಳೆ. ಸ್ಟುಡಿಯೋದ ಚಿತ್ರ ಟ್ರಂಕಿನಲ್ಲಿದೆ. ಕಟ್ಟು ಒಳ್ಳೆಯ ಸಾಗುವಾನಿಯದು.