ನಿಮಗಿದು ಗೊತ್ತೆ? ಕೆಲಸ ಬಿಟ್ಟು ಬಂದರೂ ಗ್ರೀನ್ ಕಾರ್ಡ್ ಸಿಗಬಹುದು!

● ಅಮೆರಿಕದ ಉದ್ಯೋಗಾಧಾರಿತ ಗ್ರೀನ್ ಕಾರ್ಡ್ ಸಿಗುವುದು ಮುಂದೆ ಮಾಡಲಿರುವ ಕೆಲಸಕ್ಕೆ. ಹೀಗಾಗಿ ಅರ್ಜಿ ಹಾಕಿದ ಕಂಪನಿಯನ್ನು ಬಿಟ್ಟು ಬೆಂಗಳೂರಿಗೆ ಮರಳಿದವರಿಗೂ ಅವಕಾಶ ಉಂಟು. ಆದರೆ ಅವರನ್ನು ಮತ್ತೆ ಸೇರಿಸಿಕೊಳ್ಳುವ ಉದ್ದೇಶ ಕಂಪನಿಗೂ, ಸೇರುವ ಉದ್ದೇಶ ಅವರಿಗೂ ನಿಜಕ್ಕೂ ಇರಬೇಕು.

● ಉದ್ಯೋಗಿಯ ಪರವಾಗಿ ಕಂಪನಿ ಸಲ್ಲಿಸುವ ಐ-140 ಎಂಬ ವಲಸೆ ಅರ್ಜಿ ಮಂಜೂರಾಗಿ 180 ದಿನ ಕಳೆದಿದ್ದರೆ, ಕಂಪನಿ ಅದನ್ನು ಹಿಂಪಡೆದ ಮಾತ್ರಕ್ಕೆ ಮಂಜೂರಾತಿ ರದ್ದಾಗುವುದಿಲ್ಲ. ಇದು 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ.

● ಹಳೆಯ ಕಂಪನಿ ಕೈಬಿಟ್ಟರೆ? ಮಂಜೂರಾತಿ ಉಳಿದರೂ ಆ ಕೆಲಸ ಇರದ ಕಾರಣ, ಹೊಸ ಕಂಪನಿ ಹೊಸದಾಗಿ ಐ-140 ಹಾಕಬೇಕು. ಆದರೆ ಸರದಿಯ ಹಳೆಯ ದಿನಾಂಕ ಸಾಮಾನ್ಯವಾಗಿ ಉಳಿಯುತ್ತದೆ. ಗ್ರೀನ್ ಕಾರ್ಡ್‌ಗಳಲ್ಲಿ ಒಂದೊಂದು ದೇಶಕ್ಕೆ ವರ್ಷಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಬಲು ಉದ್ದ. ಹಾಗಾಗಿ ಈ ದಿನಾಂಕಕ್ಕೆ ಭಾರಿ ಬೆಲೆ.

● ಗ್ರೀನ್ ಕಾರ್ಡ್‌ಗಾಗಿ ಉದ್ಯೋಗಿಯೇ ಹಾಕುವ ಐ-485 ಅರ್ಜಿ ಅಮೆರಿಕದೊಳಗೆ ಇರುವವರಿಗೆ ಮಾತ್ರ. ಹೊರಗಿನವರು ತಮ್ಮ ಸರದಿ ಬಂದಾಗ ಆನ್‌ಲೈನ್‌ನಲ್ಲಿ ವಲಸೆ ವೀಸಾದ ಅರ್ಜಿ ಡಿಎಸ್-260 ತುಂಬಿ, ನ್ಯಾಷನಲ್ ವೀಸಾ ಸೆಂಟರ್‌ಗೆ ದಾಖಲೆ ಒದಗಿಸಿ, ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು. ಭಾರತದಲ್ಲಿರುವವರಿಗೆ ಸಂದರ್ಶನ ಸಾಮಾನ್ಯವಾಗಿ ಮುಂಬೈ ಕಾನ್ಸುಲೇಟ್‌ನಲ್ಲಿ. ಕಂಪನಿ ಕೊಟ್ಟ ಉದ್ಯೋಗದ ಪತ್ರ ಅಲ್ಲಿ ಬೇಕೇ ಬೇಕು.

● ಸಂದರ್ಶನದಲ್ಲಿ ಗೆದ್ದರೆ ಪಾಸ್‌ಪೋರ್ಟಿನಲ್ಲಿ ಅಂಟಿಸುವ ವಲಸೆ ವೀಸಾದ ಅವಧಿ ಹೆಚ್ಚೆಂದರೆ 6 ತಿಂಗಳು. ಅಷ್ಟರೊಳಗೆ ಅಮೆರಿಕಕ್ಕೆ ಕಾಲಿಟ್ಟು, ವಿಮಾನ ನಿಲ್ದಾಣದಲ್ಲಿ ಅದರ ಮೇಲೆ ಮುದ್ರೆ ಬಿದ್ದರೆ ಅದೇ ಒಂದು ವರ್ಷ ಕಾಯಂ ನಿವಾಸದ ಪುರಾವೆ. ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ.